ಯಾವ ಸೆಂಟರಿಗೆ ಸೇರಿಸಿದಿರಿ?

ನನ್ನ ಮಗ ನಶೆಯ ಚಟದಿಂದ ಹೊರಬಂದ ಸಂಗತಿ ತಿಳಿದವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: 'ಯಾವ ಸೆಂಟರಿಗೆ ಸೇರಿಸಿದಿರಿ?' ದಾವಣಗೆರೆಯ ಹಳೇ ಪಿ.ಬಿ. ರಸ್ತೆಯ ಹತ್ತಿರ ಇರುವ ನನ್ನ ಅಂಗಡಿಗೆ ಬಂದು, ಬೇರೆ ಗಿರಾಕಿಗಳು ಹೋಗುವವರೆಗೆ ಕಾದು, ದನಿ ತಗ್ಗಿಸಿ ಕೇಳುತ್ತಾರೆ. ಒಂದು ವಿಳಾಸ, ಜೊತೆಗೆ ತಿಂಗಳಿಗೆ ಎಷ್ಟು ಖರ್ಚಾಗುತ್ತದೆ ಎಂಬ ಲೆಕ್ಕ ಸಿಕ್ಕರೆ ಅವರಿಗೆ ಸಾಕು. ನಾನೂ ಒಂದು ಕಾಲಕ್ಕೆ ಅದನ್ನೇ ಕೇಳುತ್ತಾ ಅಲೆದವನಾದ್ದರಿಂದ ಅವರ ಆತುರ ನನಗೆ ಅರ್ಥವಾಗುತ್ತದೆ. ಆದರೆ ನನ್ನ ಮಗ ಆಸ್ಪತ್ರೆಯಲ್ಲಿ ಇದ್ದದ್ದು ಹದಿನೈದು ದಿನ. ಚಟ ಬಿಡಲು ಹಿಡಿದದ್ದು ಎರಡು ವರ್ಷಕ್ಕೂ ಹೆಚ್ಚು. ಆ ಎರಡು ವರ್ಷ ಅವನು ಇದ್ದದ್ದು ನಮ್ಮ ಮನೆಯಲ್ಲೇ. ಅದನ್ನು ಹೇಳದೆ ಬರೀ ವಿಳಾಸ ಕೊಟ್ಟರೆ ಕೇಳಿದವರಿಗೆ ಮೋಸ ಮಾಡಿದಂತಾಗುತ್ತದೆ.

ನಮ್ಮದು ಟೈರು, ಟ್ಯೂಬು, ಪಂಕ್ಚರ್ ಸಾಮಾನುಗಳ ಅಂಗಡಿ. ಮಗ ಒಂಬತ್ತನೇ ತರಗತಿಯಲ್ಲಿದ್ದಾಗ, ಪಂಕ್ಚರ್ ಹಾಕಲು ಬಳಸುವ ಅಂಟಾದ ಸೊಲ್ಯೂಷನ್ ಟ್ಯೂಬುಗಳ ಲೆಕ್ಕ ತಪ್ಪತೊಡಗಿತು. ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ ಕದ್ದು ಮಾರುತ್ತಿದ್ದಾನೆಂದು ತೀರ್ಮಾನಿಸಿ, ನಾಲ್ಕು ಜನರೆದುರು ಬೈದು ಅವನನ್ನು ಬಿಡಿಸಿಬಿಟ್ಟೆ. ಆಮೇಲೂ ಲೆಕ್ಕ ತಪ್ಪುತ್ತಲೇ ಇತ್ತು. ಒಂದು ದಿನ ನನ್ನ ಹೆಂಡತಿಗೆ ಮಗನ ದಿಂಬಿನ ಕೆಳಗೆ ಒಂದು ಕರ್ಚೀಫು ಸಿಕ್ಕಿತು. ಸೊಲ್ಯೂಷನ್ ಒಣಗಿ ಅದು ಹಪ್ಪಳದಂತೆ ಗಟ್ಟಿಯಾಗಿತ್ತು. ಸೊಲ್ಯೂಷನ್ನನ್ನು ಅದಕ್ಕೆ ಹಚ್ಚಿ ನಶೆಗಾಗಿ ಮೂಗಿನಿಂದ ಎಳೆಯುತ್ತಿದ್ದವನು ನನ್ನ ಮಗನೇ. ಅವನ ಬಟ್ಟೆಗಳಲ್ಲಿ ಆ ವಾಸನೆ ಅವಳಿಗೆ ತಿಂಗಳುಗಳಿಂದ ಬರುತ್ತಿತ್ತಂತೆ, ಆದರೆ ನನ್ನ ಅಂಗಿಗಳ ಜೊತೆ ನೆನೆಸಿದ್ದರಿಂದ ಹತ್ತಿದೆ ಎಂದುಕೊಂಡಿದ್ದಳು. ನನಗಂತೂ ಇಪ್ಪತ್ತು ವರ್ಷದಿಂದ ಮೂಗಿಗೆ ಒಗ್ಗಿಹೋದ ವಾಸನೆ ಅದು.

ಇದು ಬೀದಿಮಕ್ಕಳ ಚಟ, ನಮ್ಮಂಥವರ ಮನೆಗೆ ಬರುವುದಿಲ್ಲ ಎಂಬುದು ಅಲ್ಲಿಯವರೆಗೆ ನನ್ನ ನಂಬಿಕೆಯಾಗಿತ್ತು. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿ ಕಂಡುಬಂದ ಏಕೈಕ ನಶೆ ಹೀಗೆ ಮೂಗಿನಿಂದ ಎಳೆಯುವ ಪದಾರ್ಥಗಳದ್ದು: ದೊಡ್ಡವರಲ್ಲಿ ಶೇ. 0.58, ಹತ್ತರಿಂದ ಹದಿನೇಳರ ವಯಸ್ಸಿನವರಲ್ಲಿ ಶೇ. 1.17. ಇವುಗಳ ಆವಿ ಶ್ವಾಸಕೋಶದಿಂದ ರಕ್ತಕ್ಕೆ ಸೇರಿ ಬೇಗನೆ ಮೆದುಳಿಗೆ ಏರುತ್ತದೆ, ಹೃದಯದ ಬಡಿತವನ್ನು ಕೆಡಿಸುತ್ತದೆ; ಮೊದಲ ಸಲ ಎಳೆದಾಗಲೇ ಹೃದಯ ನಿಂತು ಸತ್ತವರಿದ್ದಾರೆ. ಇದನ್ನು ವೈದ್ಯರಿಂದ ಕೇಳಿದ ರಾತ್ರಿ ನಾವಿಬ್ಬರೂ ಸರದಿಯ ಮೇಲೆ ಎದ್ದು ಮಗನ ಉಸಿರಾಟ ನೋಡಿದೆವು.

ವೈದ್ಯರ ಹತ್ತಿರ ಹೋಗುವ ಮುಂಚೆ ನಾವು ಮಾಡಿದ್ದೆಲ್ಲ ತಪ್ಪೇ. ಮೊದಲು ಹೊಡೆದೆ. ಆಮೇಲೆ ಹಿರಿಯರ ಮಾತು ಕೇಳಿ ದುಗ್ಗಮ್ಮನ ಗುಡಿಯಲ್ಲಿ ಆಣೆ ಮಾಡಿಸಿದೆವು. ಎಂಟು ದಿನ ತಡೆದುಕೊಂಡವನು ಒಂಬತ್ತನೆಯ ದಿನ ಮತ್ತೆ ಎಳೆದ; ದೇವಿಯ ಆಣೆ ಮುರಿದೆನೆಂಬ ಭಯ ತಡೆಯಲಾರದೆ ಮುಂಚಿಗಿಂತ ಹೆಚ್ಚು ಎಳೆಯತೊಡಗಿದನೆಂದು ಅವನೇ ಎಷ್ಟೋ ದಿನದ ಮೇಲೆ ತಾಯಿಗೆ ಹೇಳಿದ. ಗಾಂಜಾ ಶುರುವಾದದ್ದೂ ಆ ದಿನಗಳಲ್ಲೇ. ಕೊನೆಗೆ ದೂರದ ಊರಿನ ಒಂದು ಖಾಸಗಿ ಕೇಂದ್ರಕ್ಕೆ ಬಿಟ್ಟುಬಂದೆವು. ಮೂರು ತಿಂಗಳು ಭೇಟಿ ಇಲ್ಲ, ಫೋನೂ ಇಲ್ಲ ಎಂದರು, ನಾವೂ ಒಪ್ಪಿದೆವು. ನಿಜ ಹೇಳಬೇಕೆಂದರೆ, ಅಂದು ರಾತ್ರಿ ಮನೆಯಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿದೆವು. ಇಪ್ಪತ್ತೆರಡನೆಯ ದಿನ ನನ್ನ ಹೆಂಡತಿ ಹಟ ಹಿಡಿದು ಹೋಗಿ ನೋಡಿದಾಗ, ದೊಡ್ಡ ವಯಸ್ಸಿನ ಕುಡುಕರ ನಡುವೆ ಒಂದೇ ಕೋಣೆಯಲ್ಲಿ ಕೂತಿದ್ದ ಅವನ ತೋಳಿನ ಮೇಲೆ ಬಾಸುಂಡೆಗಳಿದ್ದವು. ಆಗಲೇ ಕರೆದುಕೊಂಡು ಬಂದಳು.

ನಮ್ಮ ಜಿಲ್ಲಾಸ್ಪತ್ರೆಯ ಮನೋವೈದ್ಯರು ಮೊದಲು ಹೇಳಿದ್ದು, ಸೊಲ್ಯೂಷನ್ ಚಟಕ್ಕೆಂದೇ ಪ್ರತ್ಯೇಕ ಮಾತ್ರೆ ಯಾವುದೂ ಇಲ್ಲ ಎಂದು. ನಿದ್ದೆಗೆ, ಸಿಡುಕಿಗೆ ಔಷಧ ಕೊಡಬಹುದು, ಉಳಿದದ್ದು ಮಾತುಕತೆಯಿಂದ, ಮನೆಯಿಂದ ಆಗಬೇಕು ಎಂದರು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರನ್ನು ದೊಡ್ಡವರ ಜೊತೆ ಇರಿಸುವಂತಿಲ್ಲ; ದಾಖಲಾಗಿರುವಷ್ಟು ದಿನವೂ ಪೋಷಕರು ಅಥವಾ ಅವರು ಗೊತ್ತುಮಾಡಿದವರು ಜೊತೆಗೇ ಇರಬೇಕು. ಈ ಒಂದು ಮಾತು ಮೊದಲೇ ಗೊತ್ತಿದ್ದಿದ್ದರೆ ಆ ಮೂರು ತಿಂಗಳ ಷರತ್ತಿಗೆ ನಾನು ಸಹಿ ಹಾಕುತ್ತಿರಲಿಲ್ಲ. ಹದಿನೈದು ದಿನ ಅವನ ತಾಯಿ ಮಂಚದ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದಳು.

ಮನೆಗೆ ಕಳಿಸುವಾಗ ವೈದ್ಯರು ನನ್ನೊಬ್ಬನನ್ನೇ ಕರೆದು, 'ಯಜಮಾನ್ರೇ, ಸಂಜೆ ನಾಲ್ಕರಿಂದ ಏಳರವರೆಗೆ ಇವನು ಯಾರ ಜೊತೆ ಇರ್ತಾನೆ?' ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಆ ಮೂರು ಗಂಟೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಮನೆಗೆ ಬರತೊಡಗಿದೆ. ಕೆಲವು ದಿನ ಇಬ್ಬರೂ ಕುಂದುವಾಡ ಕೆರೆಯ ಏರಿಯ ಮೇಲೆ ಒಂದು ಮಾತೂ ಆಡದೆ ನಡೆದಿದ್ದೇವೆ. ಸೊಲ್ಯೂಷನ್ ಮಾರುವುದನ್ನು ಪೂರ್ತಿ ನಿಲ್ಲಿಸಿದೆ. ಪಂಕ್ಚರ್ ಅಂಗಡಿಯವರು ಬೇರೆ ಕಡೆ ಹೋದರು, ವ್ಯಾಪಾರ ಇಳಿಯಿತು. ಎರಡು ಸಲ ಅವನು ಮತ್ತೆ ಜಾರಿದ. ಮೊದಲ ಸಲ ನಾನು ಮತ್ತೆ ಕೈ ಎತ್ತಿದೆ, ಹೆಂಡತಿ ಅಡ್ಡ ಬಂದಳು. ಎರಡನೆಯ ಸಲ ಅವನೇ ಬಂದು, 'ಅಪ್ಪಾಜಿ, ನಿನ್ನೆ ಎಳೆದೆ, ಡಾಕ್ಟರ್ ಹತ್ರ ಹೋಗೋಣ' ಎಂದ. ಆ ಎರಡನೆಯ ಜಾರುವಿಕೆಯನ್ನೇ ನಾನು ಅವನು ಗುಣವಾಗತೊಡಗಿದ ದಿನವೆಂದು ಎಣಿಸುತ್ತೇನೆ.

ಅದಾದ ಕೆಲವು ತಿಂಗಳಿಗೆ, ನಾನು ಕೆಲಸದಿಂದ ಬಿಡಿಸಿದ್ದ ಹುಡುಗನನ್ನು ನೋಡಬೇಕೆಂದು ಮಗನೇ ಹೇಳಿದ. ಆ ಹುಡುಗ ಮಂಡಕ್ಕಿ ಭಟ್ಟಿಯಲ್ಲಿ ಮೂಟೆ ಹೊರುತ್ತಿದ್ದ. ಹೊಗೆ ತುಂಬಿದ ಆ ಶೆಡ್ಡಿನ ಬಾಗಿಲಲ್ಲಿ ನಿಂತು ಮಗ, 'ಕದ್ದದ್ದು ನಾನು ಅಣ್ಣ' ಎಂದ. ನಾನೂ ಕ್ಷಮೆ ಕೇಳಿ, ಮತ್ತೆ ಕೆಲಸಕ್ಕೆ ಬಾ ಎಂದು ಕರೆದೆ. ಬರುವುದಿಲ್ಲ ಎಂದ. ಹೊರಡುವಾಗ ಬಿಸಿ ಮಂಡಕ್ಕಿಯನ್ನು ಪೇಪರಿನಲ್ಲಿ ಕಟ್ಟಿ ಮಗನ ಕೈಗೆ ಕೊಟ್ಟ. ದಾರಿಯುದ್ದಕ್ಕೂ ಮಗ ಅದನ್ನು ಎದೆಗೆ ಒತ್ತಿಕೊಂಡಿದ್ದ, ಒಂದು ಕಾಳೂ ತಿನ್ನಲಿಲ್ಲ.

ಪೊಲೀಸರ ಭಯದಿಂದ ಆಸ್ಪತ್ರೆಗೆ ಹೋಗದವರು ಬಹಳ ಜನರಿದ್ದಾರೆ. ನಾವೂ ಹಾಗೆಯೇ ಆರು ತಿಂಗಳು ಕಳೆದುಕೊಂಡೆವು. ಪಂಕ್ಚರ್ ಸೊಲ್ಯೂಷನ್ 1985ರ ಮಾದಕ ವಸ್ತು ಕಾಯ್ದೆಯ ವ್ಯಾಪ್ತಿಗೇ ಬರುವುದಿಲ್ಲ. ಗಾಂಜಾ ಬರುತ್ತದೆ. ಆದರೆ ವ್ಯಸನಿಯಾದವನು ಸ್ವಇಚ್ಛೆಯಿಂದ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಸೇರಿ ಅದನ್ನು ಪೂರ್ತಿಗೊಳಿಸಿದರೆ, ಸೇವನೆಯ ಅಪರಾಧಕ್ಕಾಗಿ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಕಲಮು ಅದೇ ಕಾಯ್ದೆಯಲ್ಲಿದೆ. ಯಾರಿಗೂ ಹೇಳಿಕೊಳ್ಳಲಾಗದಿದ್ದರೆ ವ್ಯಸನಮುಕ್ತಿಯ ಉಚಿತ ಸಹಾಯವಾಣಿ 14446 ಇದೆ, ಮನಸ್ಸಿನ ತೊಂದರೆಗಳಿಗೆ ಟೆಲಿ ಮಾನಸ್‌ನ 14416 ಇದೆ.

ಕೇಳಲು ಬಂದವರಿಗೆ ಈ ಸಂಖ್ಯೆಗಳನ್ನು ಬಿಲ್ಲಿನ ಹಿಂದೆ ಬರೆದುಕೊಡುತ್ತೇನೆ. ಜಿಲ್ಲಾಸ್ಪತ್ರೆಗೆ ಹೋಗುವ ದಿನ ಬೇಕಾದರೆ ಜೊತೆಗೆ ಬರುತ್ತೇನೆ ಎನ್ನುತ್ತೇನೆ. ಉಳಿದದ್ದನ್ನು ಗಿರಾಕಿಗಳ ನಡುವೆ ಹೇಳಲಾಗದು, ಆದ್ದರಿಂದ ರಾತ್ರಿ ಎಂಟರ ಮೇಲೆ ಮನೆಗೆ ಬನ್ನಿ, ಹುಡುಗನ ತಾಯಿಯನ್ನೂ ಕರೆದುಕೊಂಡು ಬನ್ನಿ, ನನ್ನ ಹೆಂಡತಿಯೂ ಇರುತ್ತಾಳೆ ಎಂದು ಹೇಳಿ ಕಳಿಸುತ್ತೇನೆ.