ಸಿಗ್ನಲ್‌ನಲ್ಲಿ ನಿಂತರೆ ತಣ್ಣಗಾಗುತ್ತಿದ್ದ ಹೀಟರ್

ಊರಲ್ಲಿ ಕಾರು ಓಡಿಸುವಾಗ ಎ.ಸಿ. ತಿರುಗಣೆಯ ನೀಲಿ ಕಡೆ ಮಾತ್ರ ನನಗೆ ಗೊತ್ತಿತ್ತು. ಕೆಂಪು ಕಡೆಗೆ ತಿರುಗಿಸುವ ಪ್ರಸಂಗವೇ ಬಂದಿರಲಿಲ್ಲ. ಇಲ್ಲಿಗೆ ಬಂದ ಮೊದಲ ಚಳಿಗಾಲ. ಹೊರಗೆ ಮೈನಸ್ 18 ಡಿಗ್ರಿ. ಕಾರು ಸ್ಟಾರ್ಟ್ ಮಾಡಿದವನೇ ಕೆಂಪು ಕಡೆಗೆ ಪೂರ್ತಿ ತಿರುಗಿಸಿ ಫ್ಯಾನು ಜೋರು ಮಾಡಿದೆ. ಮುಖಕ್ಕೆ ರಪ್ಪನೆ ಹೊಡೆದದ್ದು ಮಂಜುಗಾಳಿ. ಹೀಟರ್ ಕೆಟ್ಟಿದೆ ಅಂತ ತೀರ್ಮಾನ ಮಾಡಿಬಿಟ್ಟೆ. ಹತ್ತು ನಿಮಿಷ ಓಡಿಸುವಷ್ಟರಲ್ಲಿ ಅದೇ ಹೀಟರ್ ಜಾಕೆಟ್ ಬಿಚ್ಚುವಷ್ಟು ಬಿಸಿ ಊದುತ್ತಿತ್ತು.

ನಾನು ಅದನ್ನು ಬಚ್ಚಲಮನೆಯ ಗೀಸರ್ ಥರ ಅಂದುಕೊಂಡಿದ್ದೆ. ಸ್ವಿಚ್ ಹಾಕಿದರೆ ಕಾಯಿಲ್ ಕಾಯುತ್ತದೆ, ಅಷ್ಟೇ ಅಂತ. ಪೆಟ್ರೋಲ್ ಕಾರಿನಲ್ಲಿ ಹಾಗಲ್ಲ. ಎಂಜಿನ್ ಉರಿಸುವ ಇಂಧನದ ಬಹುಪಾಲು ಚಕ್ರ ತಿರುಗಿಸುವುದಕ್ಕೆ ಹೋಗುವುದೇ ಇಲ್ಲ, ಸುಮ್ನೆ ಬಿಸಿಯಾಗಿ ಪೋಲಾಗುತ್ತದೆ. ಆ ಬಿಸಿಯನ್ನು ಎಂಜಿನ್ ಸುತ್ತ ಹರಿಯುವ ಕೂಲಂಟ್ ಅನ್ನುವ ದ್ರವ ಹೊತ್ತುಕೊಂಡು ಹೋಗಿ ಮುಂದಿನ ರೇಡಿಯೇಟರ್‌ನಲ್ಲಿ ಹೊರಗೆ ಚೆಲ್ಲುತ್ತದೆ. ಡ್ಯಾಶ್‌ಬೋರ್ಡ್ ಹಿಂದೆ ಇನ್ನೊಂದು ಪುಟ್ಟ ರೇಡಿಯೇಟರ್ ಇದೆ, ಅದಕ್ಕೆ ಹೀಟರ್ ಕೋರ್ ಅನ್ನುತ್ತಾರೆ. ಬಿಸಿ ಕೂಲಂಟ್ ಅದರೊಳಗೂ ಹರಿಯುತ್ತದೆ. ಬ್ಲೋವರ್, ಅಂದರೆ ಫ್ಯಾನು, ಅದರ ಮೇಲೆ ಗಾಳಿ ಹಾಯಿಸುತ್ತದೆ. ನಾವು ಕಾಯಿಸಿಕೊಳ್ಳುವುದು ಎಂಜಿನ್ ಬೇಡ ಅಂದ ಬಿಸಿಯನ್ನು!

ಹಾಗಾಗಿ ಎಂಜಿನ್ ಬಿಸಿಯಾಗುವವರೆಗೆ ಹೀಟರ್ ಹತ್ತಿರ ಕೊಡಲು ಏನೂ ಇಲ್ಲ. ಥರ್ಮೋಸ್ಟಾಟ್ ಅನ್ನುವ ಸಣ್ಣ ಕವಾಟ ಸುಮಾರು 90 ಡಿಗ್ರಿ ಆಗುವವರೆಗೂ ಮುಂದಿನ ರೇಡಿಯೇಟರ್ ದಾರಿ ಮುಚ್ಚಿಟ್ಟು ಎಂಜಿನ್ ಬೇಗ ಕಾಯುವಂತೆ ನೋಡಿಕೊಳ್ಳುತ್ತದೆ. ಅದು ತೆರೆದೇ ಸಿಕ್ಕಿಕೊಂಡರೆ ಎಷ್ಟು ದೂರ ಓಡಿಸಿದರೂ ಉಗುರು ಬೆಚ್ಚಗಿನ ಗಾಳಿಯೇ ಗತಿ. ನಿಲ್ಲಿಸಿಕೊಂಡು ಬಿಸಿ ಮಾಡುವುದಕ್ಕಿಂತ ನಿಧಾನವಾಗಿ ಓಡಿಸುತ್ತಾ ಹೋದರೆ ಎಂಜಿನ್ ಬೇಗ ಕಾಯುತ್ತದೆ.

ಮೂರನೇ ಚಳಿಗಾಲದಲ್ಲಿ ನಿಜವಾಗಿ ಕೆಟ್ಟಿತು. ಓಡುವಾಗ ಬಿಸಿ, ಸಿಗ್ನಲ್‌ನಲ್ಲಿ ನಿಂತರೆ ತಣ್ಣಗೆ. ಹೊರಟರೆ ಮತ್ತೆ ಬಿಸಿ. ಜೊತೆಗೆ ಕಾರಿನೊಳಗೆ ಪಾಕದಂಥ ಸಿಹಿ ವಾಸನೆ. ಮುಂದಿನ ಗಾಜಿನ ಮೇಲೆ ಎಷ್ಟು ಒರೆಸಿದರೂ ಹೋಗದ ಜಿಡ್ಡು ಮಬ್ಬು. ಪಕ್ಕದ ಸೀಟಿನ ಕಾಲಡಿ ಒದ್ದೆ. ಹಿಮ ತುಳಿದ ಬೂಟಿನ ನೀರು ಅಂತ ತಿಂಗಳುಗಟ್ಟಲೆ ಸಮಾಧಾನ ಮಾಡಿಕೊಂಡಿದ್ದೆ. ನನ್ನ ಪೆದ್ದುತನ, ಇನ್ನೇನು.

ಹೀಟರ್ ಕೋರ್ ಸೋರುತ್ತಿತ್ತು. ಆ ವಾಸನೆ, ಜಿಡ್ಡು, ಒದ್ದೆ ಎಲ್ಲ ಕೂಲಂಟಿನದೇ. ಕೂಲಂಟ್ ಕಡಿಮೆಯಾಗಿ ಪೈಪಿನಲ್ಲಿ ಗಾಳಿ ಸೇರಿತ್ತು. ಎಂಜಿನ್ ವೇಗವಾಗಿ ತಿರುಗುವಾಗ ಪಂಪು ಹೇಗೋ ಹೀಟರ್‌ವರೆಗೆ ತಳ್ಳುತ್ತಿತ್ತು, ನಿಂತಾಗ ಅಷ್ಟು ಬಲ ಇರುತ್ತಿರಲಿಲ್ಲ. ಒಂದು ಗ್ಯಾರೇಜಿನಲ್ಲಿ ಸೋರಿಕೆ ನಿಲ್ಲಿಸುವ ದ್ರಾವಣ ಹಾಕಿ ಕಳಿಸಿದರು. ಎರಡು ವಾರ ಸುಖ. ಆಮೇಲೆ ಓಡುವಾಗಲೂ ಬಿಸಿ ಇಲ್ಲ. ಇನ್ನೊಬ್ಬ ಮೆಕ್ಯಾನಿಕ್ ಬಾನೆಟ್ ತೆಗೆದು, ಹೀಟರ್‌ಗೆ ಹೋಗುವ ಎರಡು ಹೋಸ್‌ಗಳನ್ನು ಹುಷಾರಾಗಿ ಮುಟ್ಟಿ ನೋಡಲು ಹೇಳಿದರು. ಒಂದು ಸುಡುತ್ತಿತ್ತು, ಇನ್ನೊಂದು ತಣ್ಣಗಿತ್ತು. ಒಳಗೆ ಕಟ್ಟಿಕೊಂಡಿದೆ ಅಂತ ಅರ್ಥ. ತೂತು ಮುಚ್ಚಲು ಹಾಕಿದ್ದು ಕೋರಿನ ಸಣ್ಣ ಕೊಳವೆಗಳನ್ನೂ ಮುಚ್ಚಿತ್ತು. ಹೊಸದು ಹಾಕಲು ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿದರು. ಸಾಮಾನಿಗಿಂತ ಕೂಲಿಯೇ ಜಾಸ್ತಿ.

ಆಮೇಲಿಂದ ಕೂಲಂಟ್ ಡಬ್ಬಿಯ ಮೇಲೆ ನನ್ನ ಕಣ್ಣು. ಎಂಜಿನ್ ತಣ್ಣಗಿರುವಾಗ ಮಾತ್ರ ಮುಚ್ಚಳ ತೆಗೆಯಬೇಕು, ಬಿಸಿ ಇದ್ದಾಗ ಒಳಗಿನ ಒತ್ತಡಕ್ಕೆ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ. ಕೂಲಂಟಿನಲ್ಲಿ ಹೆಪ್ಪುಗಟ್ಟದಂತೆ ತಡೆಯುವ ಗ್ಲೈಕಾಲ್ ಮತ್ತು ಶುದ್ಧ ನೀರು ಅರ್ಧರ್ಧ ಇದ್ದರೆ ಸುಮಾರು ಮೈನಸ್ 37ರವರೆಗೂ ಹೆಪ್ಪುಗಟ್ಟುವುದಿಲ್ಲ. ಬರೀ ನೀರು ತುಂಬಿಸಿದರೆ ಅದು ಹಿಮವಾಗಿ ಹಿಗ್ಗಿ ಎಂಜಿನ್ನನ್ನೇ ಸೀಳಬಹುದು. ಬಣ್ಣ ನೋಡಿ ಆರಿಸಬೇಡಿ, ಕಾರಿನ ಕೈಪಿಡಿ ಹೇಳಿದ್ದನ್ನೇ ಹಾಕಿ. ನೆಲಕ್ಕೆ ಚೆಲ್ಲಿದ್ದನ್ನು ಕೂಡಲೇ ಒರೆಸಿ. ರುಚಿ ಸಿಹಿ, ನಾಯಿ ಬೆಕ್ಕು ನೆಕ್ಕಿದರೆ ಪ್ರಾಣಕ್ಕೇ ಕುತ್ತು.

ಗಾಜು ಮಬ್ಬಾದಾಗ ಇಲ್ಲಿನವರು ಹೀಟರ್ ಜೊತೆ ಎ.ಸಿ.ಯನ್ನೂ ಹಾಕುತ್ತಾರೆ. ಚಳಿಯಲ್ಲಿ ಎ.ಸಿ. ಯಾಕೆ ಅಂತ ನಗಬೇಡಿ, ನಾನೂ ನಕ್ಕಿದ್ದೆ. ಎ.ಸಿ. ಗಾಳಿಯ ತೇವ ಹೀರುತ್ತದೆ, ಹೀಟರ್ ಅದೇ ಗಾಳಿಯನ್ನು ಕಾಯಿಸುತ್ತದೆ, ಗಾಜು ತಿಳಿಯಾಗುತ್ತದೆ. ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಮಾತ್ರ ಆಫ್ ಇರಬೇಕು. ನಮ್ಮ ಉಸಿರಿನ ತೇವವೇ ಗಾಜಿಗೆ ಕೂರುತ್ತದಲ್ವಾ. ಗಾಳಿ ಬರುವುದೇ ಕಡಿಮೆಯಾದರೆ ಮೊದಲು ಒಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ನೋಡಿ. ನನ್ನದರಲ್ಲಿ ಒಂದು ಮರಕ್ಕಾಗುವಷ್ಟು ಒಣ ಎಲೆ ಸಿಕ್ಕಿತ್ತು.

ಹಿಮ ಬಿದ್ದ ದಿನ ಸ್ಟಾರ್ಟ್ ಮಾಡುವ ಮೊದಲು ಹೊಗೆ ಕೊಳವೆಯ ಬಾಯಿ ಬಿಡಿಸಿಕೊಳ್ಳುವುದನ್ನು ನಾನು ಯಾವತ್ತೂ ತಪ್ಪಿಸುವುದಿಲ್ಲ. ಅದು ಮುಚ್ಚಿದ್ದರೆ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ಕಾರಿನೊಳಗೆ ನುಗ್ಗಬಹುದು. ಅದಕ್ಕೆ ವಾಸನೆಯೇ ಇಲ್ಲ.

ಹೆಂಡತಿಯ ಕಾರು ಎಲೆಕ್ಟ್ರಿಕ್. ಪೋಲಾಗುವ ಬಿಸಿ ಅಷ್ಟಾಗಿ ಇಲ್ಲದ್ದರಿಂದ ಅದು ಬ್ಯಾಟರಿಯ ಕರೆಂಟಿನಿಂದಲೇ ಕಾಯಿಸಬೇಕು. ಚಳಿಗಾಲದಲ್ಲಿ ಮೈಲೇಜ್ ಇಳಿಯುತ್ತದೆ. ಆದರೆ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಬೆಚ್ಚಗೆ, ನನ್ನನ್ನು ನೋಡಿ ನಗುತ್ತಾಳೆ.

ಈಗ ನನ್ನ ಕಾರಿನ ಡ್ಯಾಶ್‌ಬೋರ್ಡ್ ಒಳಗಿಂದ ಟಿಕ್ ಟಿಕ್ ಸದ್ದು ಶುರುವಾಗಿದೆ. ಬಿಸಿ ಗಾಳಿ, ತಣ್ಣನೆ ಗಾಳಿ ಬೆರೆಸುವ ಬಾಗಿಲಿನ ಪುಟ್ಟ ಮೋಟರಿನ ಹಲ್ಲು ಸವೆದಿರಬೇಕು. ಅದಕ್ಕೂ ಡ್ಯಾಶ್‌ಬೋರ್ಡ್ ಬಿಚ್ಚಬೇಕೋ ಏನೋ. ಸದ್ಯಕ್ಕೆ ರೇಡಿಯೋ ಸ್ವಲ್ಪ ಜೋರು ಇಟ್ಟಿದ್ದೇನೆ.