ಯಾವ ಕೈ?

“ರಕ್ತ ಕೊಟ್ಟದ್ದು ಯಾವ ಕೈಯಿಂದ?”

ರಿಪೋರ್ಟನ್ನು ಎರಡು ಸಲ ನೋಡಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ ಇದು. ನಾನು ಬೇರೆ ಪ್ರಶ್ನೆಗಳಿಗೆಲ್ಲ ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದೆ. ಬೇಗ ಬದಲಾಗಬೇಕು ಅಂತ ಡೋಸ್ ಏರಿಸಿಕೊಂಡಿರಾ, ಜೊತೆಗೆ ಗುಟ್ಟಾಗಿ ಮಾತ್ರೆಯನ್ನೂ ನುಂಗುತ್ತಿದ್ದೀರಾ, ಇಂಥವಕ್ಕೆ. ಕೈಯ ವಿಷಯ ತಲೆಗೇ ಬಂದಿರಲಿಲ್ಲ.

“ಎಡಗೈ, ಮೇಡಂ.”

“ಅವತ್ತು ಬೆಳಿಗ್ಗೆ ಜೆಲ್ ಹಚ್ಚಿದ್ದು?”

“ಅದೇ ಕೈಗೆ.”

ಅವರು ಪೆನ್ನು ಕೆಳಗಿಟ್ಟು ನಕ್ಕುಬಿಟ್ಟರು. ನಾನು ಮೂರು ರಾತ್ರಿ ನಿದ್ದೆಗೆಟ್ಟಿದ್ದೆ.

ಹಾರ್ಮೋನ್ ಚಿಕಿತ್ಸೆ ಶುರುವಾದ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ನನ್ನಂಥ ಟ್ರಾನ್ಸ್ ಮಹಿಳೆಯರಿಗೆ ಎಸ್ಟ್ರಾಡಯಾಲ್, ಅಂದರೆ ಎಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಿನ ಮುಖ್ಯ ರೂಪ, ಮಿಲಿಲೀಟರಿಗೆ 100ರಿಂದ 200 ಪಿಕೋಗ್ರಾಂ ನಡುವೆ ಇರಲಿ, ಗಂಡು ಹಾರ್ಮೋನ್ ಟೆಸ್ಟೋಸ್ಟೆರೋನ್ ಡೆಸಿಲೀಟರಿಗೆ 50 ನ್ಯಾನೋಗ್ರಾಂಗಿಂತ ಕೆಳಗಿರಲಿ ಎನ್ನುತ್ತದೆ ಹಾರ್ಮೋನ್ ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿಯ 2017ರ ಮಾರ್ಗಸೂಚಿ. ಹಿಂದಿನ ಸಲ ನನ್ನ ಎಸ್ಟ್ರಾಡಯಾಲ್ 148 ಬಂದಿತ್ತು. ಈ ಸಲ ಸಾವಿರ ದಾಟಿತ್ತು.

ನನಗೆ ಮಾತ್ರೆ ಬಿಟ್ಟು ಚರ್ಮಕ್ಕೆ ಹಚ್ಚುವ ಎಸ್ಟ್ರಾಡಯಾಲ್ ಜೆಲ್ ಬರೆದುಕೊಟ್ಟದ್ದೇ ರಕ್ತ ಹೆಪ್ಪುಗಟ್ಟುವ ಭಯಕ್ಕೆ. ವರ್ಷಗಟ್ಟಲೆ ಸಿಗರೇಟು ಸೇದಿದವಳು ನಾನು (ಬಿಟ್ಟ ಕಥೆ ಬೇರೆಯೇ ಇದೆ, ಇಲ್ಲಿ ಬೇಡ). ನುಂಗಿದ ಎಸ್ಟ್ರೋಜನ್ ಮೊದಲು ಲಿವರ್ ಹೊಕ್ಕು ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಕೆಣಕುತ್ತದೆ. ಚರ್ಮದಿಂದ ಒಳಹೋಗುವುದು ನೇರ ರಕ್ತಕ್ಕೆ ಸೇರುವುದರಿಂದ ಆ ಕಾಟ ಕಡಿಮೆ. ಇದೆಲ್ಲ ಗೊತ್ತಿದ್ದೂ ಆ ಅಂಕಿ ಕಂಡ ಮೇಲೆ ಬುದ್ಧಿ ಎಲ್ಲಿ ನಿಲ್ಲುತ್ತದೆ? ರಾತ್ರಿ ಎದ್ದು ಕೂತು ಮೀನಖಂಡ ಒತ್ತಿ ನೋಡಿಕೊಳ್ಳುವುದು, ಎರಡು ಕಾಲನ್ನೂ ಜೋಡಿಸಿ ಒಂದು ದಪ್ಪಗಾಗಿದೆಯಾ ಅಂತ ಅಳೆಯುವುದು. ಯಾರನ್ನೂ ಕೇಳದೆ ಎರಡು ದಿನ ಜೆಲ್ ಹಚ್ಚುವುದನ್ನೂ ಬಿಟ್ಟಿದ್ದೆ. ನಕ್ಕ ಡಾಕ್ಟರ್ ಬೈದದ್ದು ಇದಕ್ಕೆ. “ಒಂದು ಕಾಲು ಊದಿ ನೋಯುತ್ತಿದ್ದರೆ, ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಕಾಯಬೇಡಿ, ನೇರ ಆಸ್ಪತ್ರೆಗೆ ಓಡಿ. ಬರೀ ಅಂಕಿ ನೋಡಿ ಹೆದರಿದರೆ ಫೋನ್ ಮಾಡಿ. ನೀವೇ ಡಾಕ್ಟರ್ ಆಗಬೇಡಿ.”

ಆಮೇಲೆ ವಿವರಿಸಿದರು. ಜೆಲ್ ಒಣಗುವುದೆಂದರೆ ಅದರಲ್ಲಿನ ಆಲ್ಕೋಹಾಲ್ ಆರುವುದು, ಅಷ್ಟೇ. ಔಷಧ ಚರ್ಮದ ಮೇಲ್ಪದರದಲ್ಲಿ ಕೂತು ದಿನವಿಡೀ ಸ್ವಲ್ಪಸ್ವಲ್ಪವೇ ಒಳಗಿಳಿಯುತ್ತದೆ. ಸೂಜಿ ಅದೇ ಜಾಗ ಹಾದುಹೋದರೆ ಮೇಲಿದ್ದದ್ದೂ ಸಿರಿಂಜಿಗೆ ಬರುತ್ತದೆ. “ಇಷ್ಟೂ ನಿಮ್ಮ ರಕ್ತದಲ್ಲಿಲ್ಲ. ತೋಳಿನ ಮೇಲಿದ್ದದ್ದು ಟ್ಯೂಬಿಗೆ ಇಳಿದಿದೆ.”

ಚೀಟಿಯಲ್ಲಿ ಹೊರತೋಳು ಅಂತಲೇ ಇತ್ತು. ಆದರೆ ಅವತ್ತು ಅವಸರದಲ್ಲಿ ಮೊಣಕೈಯ ಒಳಮಡಿಕೆಯವರೆಗೂ ಸವರಿದ್ದೆ. ನರ ಹುಡುಕುವುದು ಸರಿಯಾಗಿ ಅಲ್ಲೇ. ಮತ್ತೆ ಪರೀಕ್ಷೆಗೆ ಹೋಗುವ ಮುಂಚೆ ಕೆಲವು ದಿನ ತೊಡೆಗೆ ಹಚ್ಚಿ, ರಕ್ತವನ್ನು ಬಲಗೈಯಿಂದ ಕೊಟ್ಟೆ. 152.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಡಾಕ್ಟರನ್ನು ಕಂಡು ಬಂದ ದಿನವೇ ಸಂಜೆ ಅಕ್ಕನ ಮಗಳು ಎಂದಿನಂತೆ ಬಂದು ನನ್ನ ಎಡತೋಳಿನ ಮೇಲೆ ಕೆನ್ನೆಯಿಟ್ಟು ಮಲಗಿದಳು. ನಾಲ್ಕು ವರ್ಷದವಳು. ಹೋದ ವರ್ಷದವರೆಗೆ ಮಾಮ ಅನ್ನುತ್ತಿದ್ದವಳು ಈಗ ಚಿಕ್ಕಿ ಅನ್ನುತ್ತಾಳೆ. ದೊಡ್ಡವರು ಇನ್ನೂ ತಡವರಿಸುವಾಗ ಅವಳೊಬ್ಬಳು ಒಂದೇ ವಾರದಲ್ಲಿ ಬದಲಾಯಿಸಿಕೊಂಡಳು. ಸೂಜಿಗೆ ಸಿಕ್ಕಿದ್ದು ಆ ಕೆನ್ನೆಗೆ ಸಿಗುವುದಿಲ್ಲವೇ? ತೋಳು ಎಳೆದುಕೊಂಡೆ. ಅವಳು ಕಣ್ಣು ಬಿಟ್ಟು ನನ್ನನ್ನೇ ನೋಡಿದಳು.

ಪ್ಯಾಕಿನೊಳಗಿನ ಚೀಟಿಯನ್ನು ಮೊದಲ ದಿನ ಡೋಸಿಗಾಗಿ ಮಾತ್ರ ಓದಿದ್ದೆ. ಈಗ ಪೂರ್ತಿ ಓದಿದೆ. 2010ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದೇ ಹಾರ್ಮೋನಿನ ಒಂದು ಸ್ಪ್ರೇ ಬಗ್ಗೆ ಎಚ್ಚರಿಕೆ ಕೊಟ್ಟದ್ದೂ ಹುಡುಕಿದಾಗ ಸಿಕ್ಕಿತು. ದೊಡ್ಡವರು ತೋಳಿಗೆ ಹೊಡೆದುಕೊಂಡದ್ದು ತಾಗಿ ಪುಟ್ಟ ಹುಡುಗಿಯರಿಗೆ ಸ್ತನ ಮೂಡಲು ಶುರುವಾದದ್ದು, ಹುಡುಗರಿಗೂ ಎದೆ ಉಬ್ಬಿದ್ದು ವರದಿಯಾಗಿತ್ತು. ಮನೆಯ ಸಾಕುಪ್ರಾಣಿಗಳನ್ನೂ ಅದು ಬಿಟ್ಟಿರಲಿಲ್ಲ. ಮರುದಿನ ಡಾಕ್ಟರಿಗೆ ಫೋನ್ ಮಾಡಿ, ಅಕ್ಕನಿಗೂ ಎಲ್ಲ ಹೇಳಿದೆ. ಮಗುವಿಗೆ ಏನೂ ಆಗಿರಲಿಲ್ಲ. ಅಕ್ಕ ಸಿಟ್ಟಾಗಲಿಲ್ಲ, “ಮೊದಲೇ ಹೇಳೋದಲ್ವೇನೇ” ಅಂದಳು. ಆ ‘ಏನೇ’ ಕೇಳಿ ನನಗೆ ಗಂಟಲು ಕಟ್ಟಿತು.

ಈಗ ನನ್ನ ಬೆಳಗು ಹೀಗೆ. ಸ್ನಾನ ಮುಗಿಸಿ ಮೈ ಪೂರ್ತಿ ಒರೆಸಿಕೊಂಡು ಕೋಣೆಯ ಚಿಲಕ ಹಾಕುತ್ತೇನೆ. ಒಂದು ಒತ್ತಿಗೆ 1.25 ಗ್ರಾಂ ಜೆಲ್, ಅದರಲ್ಲಿ 0.75 ಮಿಲಿಗ್ರಾಂ ಎಸ್ಟ್ರಾಡಯಾಲ್. ನನಗೆ ಬರೆದದ್ದು ಮೂರು ಒತ್ತು. ನೀರಿನಷ್ಟು ತಿಳಿ, ಸ್ಪಿರಿಟಿನ ವಾಸನೆ, ತೊಡೆಗೆ ತಾಗಿದಾಗ ಚುಮುಗುಡುವ ತಂಪು. ಉಜ್ಜುವುದಿಲ್ಲ, ತೆಳ್ಳಗೆ ಹರಡುತ್ತೇನೆ. ಎದೆಗೆ ಹಚ್ಚಿದರೆ ಅಲ್ಲಿ ಬೇಗ ಬೆಳೆಯುತ್ತದೆ ಅನ್ನುವವರ ಮಾತಿಗೆ ನಾನೂ ಒಂದು ಕಾಲದಲ್ಲಿ ಕಿವಿ ಕೊಟ್ಟಿದ್ದೆ. ಎದೆಗೆ, ಮುಖಕ್ಕೆ ಹಚ್ಚಲೇಬಾರದು ಅಂತ ಚೀಟಿಯಲ್ಲೇ ಇದೆ. ಐದು ನಿಮಿಷ ಹಾಗೇ ನಿಲ್ಲುತ್ತೇನೆ. ಆರುವ ಮುಂಚೆ ಬೆಂಕಿಯ ಹತ್ತಿರ ಸುಳಿಯುವಂತಿಲ್ಲ, ಹೊತ್ತಿಕೊಳ್ಳುತ್ತದೆ. ಕೈಯನ್ನು ಸೋಪು ಹಾಕಿ ತೊಳೆಯುತ್ತೇನೆ, ಬೆರಳ ಸಂದಿಯನ್ನೂ ಬಿಡುವುದಿಲ್ಲ. ಹಚ್ಚಿದ ಜಾಗಕ್ಕೆ ಒಂದು ಗಂಟೆ ನೀರು ಸೋಕಿಸುವುದಿಲ್ಲ, ಕ್ರೀಮು ಗೀಮು ಆಮೇಲೆ. ಒಂದು ದಿನ ಮರೆತರೆ ಮರುದಿನ ದುಪ್ಪಟ್ಟು ಹಚ್ಚುವುದಿಲ್ಲ.

ಅಷ್ಟರಲ್ಲಿ ಹೊರಗೆ ಬಾಗಿಲು ಬಡಿಯುವ ಸದ್ದು.

“ಚಿಕ್ಕೀ, ಒಣಗ್ತಾ?”

“ಒಣಗ್ತು.”

“ಕೈ ತೊಳ್ದ್ಯಾ?”

“ತೊಳ್ದೆ.”

“ಪ್ಯಾಂಟ್ ಹಾಕ್ಕೊಂಡ್ಯಾ?”

“ಹಾಕ್ಕೊಂಡೆ ಕಣೇ,” ಅಂತ ಚಿಲಕ ತೆಗೆದೆ.