ಘಟ್ಟದ ಮೇಲಿನ ನೀರಿಗೆ ಕೆಳಗಿನ ಚಿಪ್ಪಿ

ಸೀಗಡಿ ಸಾಕ್ತೀನಿ ಅಂತ ಹೊರಟವರು ಮೊದಲು ಕೇಳೋದು ಗಾಜಿನ ತೊಟ್ಟಿ ಎಷ್ಟು ದೊಡ್ಡದಿರಬೇಕು ಅಂತ. ನಾನು ತಿರುಗಿ ಕೇಳೋದು, ನಿಮ್ಮ ಬಾವಿ ಎಂಥದು?

ನಮ್ಮ ಶಿರಸಿ ಸುತ್ತಮುತ್ತಲಿನ ಬಾವಿಗಳು ಹೆಚ್ಚಿನವು ಚಿರೆಕಲ್ಲಿನ ನೆಲದಲ್ಲಿ ತೋಡಿದವು. ಲಕ್ಷಗಟ್ಟಲೆ ವರ್ಷಗಳ ಮಳೆ ಈ ನೆಲದ ಸುಣ್ಣದ ಅಂಶವನ್ನೆಲ್ಲ ತೊಳೆದು ಒಯ್ದಿದೆ. ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ. ಹಾಗಾಗಿ ನೀರು ಬಲು ಮೆದು. ಬೇಳೆ ಬೇಗ ಬೇಯ್ತದೆ, ಕೆಟಲ್ ತಳದಲ್ಲಿ ಬಿಳಿ ಪದರ ಕಟ್ಟೋದಿಲ್ಲ. ಹುಬ್ಬಳ್ಳಿಯಿಂದ ನಾದಿನಿ ಬಂದಾಗೆಲ್ಲ ಬಚ್ಚಲಿಂದಲೇ ಕೂಗ್ತಾಳೆ, "ಅತ್ತಿಗೇ, ಎಷ್ಟು ನೀರು ಹೊಯ್ಕೊಂಡ್ರೂ ಸೋಪು ಹೋಗ್ತಾನೇ ಇಲ್ಲ!" ಮನುಷ್ಯರಿಗೆ ಇದು ಒಳ್ಳೆಯ ನೀರೇ. ಮೈಮೇಲಿನ ಚಿಪ್ಪನ್ನು ಸುಣ್ಣದಿಂದ ಕಟ್ಟಿಕೊಳ್ಳೋ ಜೀವಕ್ಕೆ ಮಾತ್ರ ಇದು ಉಪವಾಸ.

ನಾನು ಸಾಕೋದು ಚೆರ್ರಿ ಸೀಗಡಿ. ಹೆಚ್ಚೆಂದರೆ 3 ಸೆಂಟಿಮೀಟರ್ ಉದ್ದ, ಕುಂಕುಮದ ಬಣ್ಣ, ಮೂಲ ತೈವಾನ್, ಚೀನಾದ ಕಡೆಯ ಹೊಳೆಗಳು. ಅದಕ್ಕೆ ನೀರಿನಲ್ಲಿ ಕರಗಿದ ಲವಣ 150ರಿಂದ 250 ಪಿಪಿಎಂ ಇದ್ದರೆ ಹಿತ. ನಮ್ಮ ಬಾವಿ ನೀರಿಗೆ ಟಿಡಿಎಸ್ ಮೀಟರ್ ಅದ್ದಿದರೆ ತೋರಿಸೋದು 30ರ ಆಸುಪಾಸು. ನೀರಿನ ಹುಳಿ ಅಳೆಯೋ ಪಿಎಚ್ ಪಟ್ಟಿಯ ಬಣ್ಣ 6ರ ಹತ್ತಿರ ನಿಲ್ತದೆ (7ಕ್ಕಿಂತ ಕೆಳಗೆ ಅಂದರೆ ಹುಳಿ), ಸೀಗಡಿಗೆ ಬೇಕಾದದ್ದು 6.5ರಿಂದ 7.8. ಪಟ್ಟಿ ಹೊರಗಿಂದ ತರಿಸಿದ್ದಲ್ಲ. ಅಡಕೆ ತೋಟಕ್ಕೆ ಮದ್ದು ಕಲಸುವಾಗ ನೋಡೋಕೆ ಅಂತ ಇವರು ತಂದಿಟ್ಟಿದ್ದು.

ಅಂಗಡಿಯಲ್ಲಿ ಇದಕ್ಕೆಂದೇ ಲವಣದ ಪುಡಿ ಸಿಗ್ತದೆ, ಡಬ್ಬಿಗೆ ದುಡ್ಡೂ ಹಾಗೇ ಇರ್ತದೆ. ನಮಗೆ ಅದರ ಹಂಗಿಲ್ಲ. ದೇವಿಮನೆ ಘಟ್ಟ ಇಳಿದರೆ ಕುಮಟಾ, ಅಲ್ಲಿ ಅಘನಾಶಿನಿಯ ಅಳಿವೆ. ಹೊಳೆ ಇಳಿತದಲ್ಲಿದ್ದಾಗ ಹೆಂಗಸರು, ಗಂಡಸರು ಸೊಂಟಮಟ್ಟ ನೀರಲ್ಲಿ ನಿಂತು ಬಳಚು ಅನ್ನೋ ಚಿಪ್ಪಿಜೀವಿ ಹೆಕ್ಕೋದು ಅಲ್ಲಿನ ದಿನದ ನೋಟ. ಆ ಅಳಿವೆಗೆ 2024ರಲ್ಲಿ ಜೌಗುಪ್ರದೇಶಗಳಿಗೆ ಕೊಡೋ ಅಂತರರಾಷ್ಟ್ರೀಯ ರಾಮ್ಸಾರ್ ಮಾನ್ಯತೆಯೂ ಬಂತು. ಇದೇ ಹೊಳೆ ಹುಟ್ಟೋದು ನಮ್ಮ ಶಿರಸಿಯ ಶಂಕರಹೊಂಡದಲ್ಲಿ. ದಾರಿಯಲ್ಲಿ ಒಂದು ಅಣೆಕಟ್ಟೂ ಇಲ್ಲದೆ ಕಡಲು ಸೇರ್ತದೆ. ಮಾಂಸ ತೆಗೆದ ಮೇಲೆ ರಾಶಿ ಬೀಳೋ ಚಿಪ್ಪಿಯಲ್ಲಿ ಒಂದು ಸಣ್ಣ ಚೀಲದಷ್ಟನ್ನು ಪರಿಚಯದವರ ಮನೆಯಿಂದ ತಂದಿಟ್ಟುಕೊಂಡಿದ್ದೇನೆ.

ಚಿಪ್ಪಿಯನ್ನು ತಂದ ಹಾಗೇ ಹಾಕೋ ಹಾಗಿಲ್ಲ. ಉಪ್ಪು ಬಿಡೋವರೆಗೆ ನೀರು ಬದಲಿಸಿ ಬದಲಿಸಿ ನೆನೆಸಬೇಕು, ಕುದಿಸಬೇಕು, ಬಿಸಿಲಿಗೆ ಒಣಗಿಸಿ ಕಲ್ಲಿನಿಂದ ಜಜ್ಜಬೇಕು. ಹುಡಿ ಆಗಬಾರದು, ಕಡಲೆಬೇಳೆಯಷ್ಟು ಚೂರಾದರೆ ಸಾಕು. ತೆಳು ಬಟ್ಟೆಯಲ್ಲಿ ಒಂದು ಮುಷ್ಟಿ ಗಂಟು ಕಟ್ಟಿ, ಫಿಲ್ಟರಿನ ಗುಳ್ಳೆ ಏಳೋ ಜಾಗದಲ್ಲಿ ಇಡೋದು. ಇದರಲ್ಲಿ ನನಗೆ ಇಷ್ಟವಾದದ್ದು ಅಂದರೆ ನೀರು ತನಗೆ ಬೇಕಾದಷ್ಟನ್ನೇ ತಗೊಳ್ತದೆ. ಹುಳಿ ಇದ್ದಷ್ಟು ಹೊತ್ತು ಚಿಪ್ಪಿ ಕರಗ್ತದೆ. ಪಿಎಚ್ ಏಳೂವರೆ ಹತ್ತಿರ ಬಂದ ಹಾಗೆ ಕರಗೋದು ನಿಧಾನ ಆಗ್ತಾ ಹೋಗ್ತದೆ. ಹಾಗಂತ ಕವಳದ ಸುಣ್ಣವೂ ಚಿಪ್ಪಿಯದೇ ಅಲ್ಲವಾ ಅಂತ ಅದನ್ನು ಹಾಕೋ ಬುದ್ಧಿ ಬೇಡ. ಸುಟ್ಟು ಅರಳಿಸಿದ ಸುಣ್ಣ ಪಿಎಚ್‌ನ್ನು ಒಮ್ಮೆಲೇ 12ರ ಹತ್ತಿರ ಒಯ್ದು ತೊಟ್ಟಿಯಲ್ಲಿದ್ದದ್ದನ್ನೆಲ್ಲ ಕೊಲ್ತದೆ. ಚಿಪ್ಪಿಯಲ್ಲಿ ಮೆಗ್ನೀಸಿಯಂ ಕಮ್ಮಿ, ಅದಕ್ಕೆ ಮೆಡಿಕಲ್ ಶಾಪಿನ ಎಪ್ಸಮ್ ಸಾಲ್ಟ್ ಒಂದು ಚಿಟಿಕೆ.

ತೊಟ್ಟಿ ವಿಷಯ ಬೇಗ ಮುಗಿಸ್ತೇನೆ. ಎರಡಡಿ ಉದ್ದ, ಅಡಿ ಅಗಲ, ಅಡಿ ಎತ್ತರ. ತುಂಬಿದರೆ 50 ಲೀಟರ್ ಚಿಲ್ಲರೆ. ತಳಕ್ಕೆ ತೊಳೆದ ಮರಳು, ಜಾವಾ ಮಾಸ್ ಪಾಚಿ, ಮೇಲೆ ತೇಲೋಕೆ ಒಂದೆರಡು ಅಂತರಗಂಗೆ. ಫಿಲ್ಟರ್ ಸ್ಪಂಜಿನದೇ ಆಗಬೇಕು, ಮೋಟರಿನದಾದರೆ ಮರಿಗಳನ್ನು ಎಳೆದುಕೊಳ್ತದೆ. ಸೊಪ್ಪು, ಪಾಚಿ ಕೆರೆಯಿಂದ ತಂದರೆ ಅದರ ಜೊತೆ ಏರೋಪ್ಲೇನ್ ಚಿಟ್ಟೆಯ ಮರಿಹುಳ ಬರ್ತದೆ. ಅದು ಬುಡದಲ್ಲಿ ಅಲ್ಲಾಡದೆ ಕೂತು, ಹತ್ತಿರ ಬಂದ ಸೀಗಡಿ ಮರಿಯನ್ನು ದವಡೆ ಚಾಚಿ ಹಿಡಿಯೋ ಬೇಟೆಗಾರ. ಅದಕ್ಕೇ ನಾನು ಸಾಕಿದವರ ತೊಟ್ಟಿಯಿಂದಲೇ ಸೊಪ್ಪು ತರೋದು.

ಇಷ್ಟೆಲ್ಲ ಜೋಡಿಸಿ, ನೀರು ತುಂಬಿ, ಸೀಗಡಿ ಇಲ್ಲದೆ ನಾಲ್ಕರಿಂದ ಆರು ವಾರ ಬಿಡಬೇಕು. ಕೊಳೆಯೋದರಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಮಾಡೋ, ಅದನ್ನು ನೈಟ್ರೇಟ್ ಮಾಡೋ ಸೂಕ್ಷ್ಮಜೀವಿಗಳು ಸ್ಪಂಜಿನಲ್ಲಿ ಮನೆ ಮಾಡೋಕೆ ಅಷ್ಟು ದಿನ ಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಆಗೋವರೆಗೆ ಕಾಯೋದು. ಆ ಹೊತ್ತಿಗೆ ಗಾಜಿಗೆ ತೆಳ್ಳಗೆ ಲೋಳೆ, ಹಸಿರು ಹಿಡಿದಿರ್ತದೆ. ಉಜ್ಜಿ ತೆಗೆಯೋಕೆ ಹೋಗಬೇಡಿ, ಸೀಗಡಿಗೆ ಊಟ ಅದೇ.

ಆ ಬರೀ ನೀರಿನ ತೊಟ್ಟಿ ನೋಡಿ ಅತ್ತೆಗೆ ಏನೂ ಅನಿಸಿರಲಿಲ್ಲ. ಸೀಗಡಿ ಬಂದ ಮೇಲೆ ಕನ್ನಡಕ ಹಾಕಿಕೊಂಡು ಬಂದು ಕೂತರು. "ಎಂತದ್ದೇ ಕೂಸೇ ಇದು? ಮೀನೂ ಅಲ್ಲ, ಹುಳಾನೂ ಅಲ್ಲ. ನಮ್ಮನೇಲಿ ತಿಂಬವ್ವು ಇಲ್ಲೆ, ಮಾರದೂ ಇಲ್ಲೆ. ಮತ್ತೆಂತಕ್ಕೆ?" ಇದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ಆದರೆ ಮಧ್ಯಾಹ್ನ ಅಡಕೆ ಸುಲಿಯೋಕೆ ಮೆಟ್ಟುಗತ್ತಿ ಹಿಡಿದು ಅವರು ಕೂರೋ ಜಾಗ ಈಗ ತೊಟ್ಟಿಯ ಎದುರಿಗೆ ಬಂದಿದೆ.

ತಂದ ದಿನ ಸೀಗಡಿಯನ್ನು ಚೀಲದಿಂದ ನೇರ ತೊಟ್ಟಿಗೆ ಸುರಿಯಬಾರದು. ಚೀಲದ ನೀರು ಬೇರೆ ಊರಿನದು, ಲವಣ ಬೇರೆ. ಆಸ್ಪತ್ರೆಯಲ್ಲಿ ಸಲೈನ್ ಹಾಕೋ ಪೈಪು ಮೆಡಿಕಲ್ ಶಾಪಲ್ಲಿ ಸಿಗ್ತದಲ್ಲ, ಅದರ ಚಕ್ರ ತಿರುಗಿಸಿ, ತೊಟ್ಟಿಯ ನೀರು ಸೆಕೆಂಡಿಗೆ ಒಂದೆರಡು ಹನಿಯಂತೆ ಚೀಲದ ನೀರಿಗೆ ಬೀಳೋ ಹಾಗೆ ಒಂದೆರಡು ತಾಸು ಬಿಡಬೇಕು. ಇದಕ್ಕಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ.

ಈಗ ನಮ್ಮ ಕಡೆಯವರು ಕಿವಿಗೊಟ್ಟು ಕೇಳಬೇಕಾದ ಮಾತು: ತಾಮ್ರ. ಸೀಗಡಿಯ ರಕ್ತದಲ್ಲಿ ಪ್ರಾಣವಾಯು ಹೊರೋದು ತಾಮ್ರವೇ, ನಮ್ಮ ರಕ್ತದಲ್ಲಿ ಕಬ್ಬಿಣ ಇದ್ದ ಹಾಗೆ. ಅದೇ ತಾಮ್ರ ನೀರಿನಲ್ಲಿ ಸ್ವಲ್ಪ ಹೆಚ್ಚಾದರೂ ಅದಕ್ಕೆ ವಿಷ. ಪೇಟೆಯವರಿಗೆ ಇದು ದೊಡ್ಡ ಚಿಂತೆಯಲ್ಲ, ಮೀನಿನ ಮದ್ದಿನ ಬಾಟಲಿ ಮೇಲೆ ಏನು ಬರೆದಿದೆ ಅಂತ ಓದಿದರಾಯ್ತು. ನಮ್ಮ ಮನೆಗಳಲ್ಲಿ ಮಳೆಗಾಲದ ಬಾಗಿಲಲ್ಲಿ ಮೈಲುತುತ್ತವೇ, ಅಂದರೆ ತಾಮ್ರದ ಸಲ್ಫೇಟೇ, ಚೀಲಗಟ್ಟಲೆ ಬಂದು ಬೀಳ್ತದೆ! ಅಡಕೆಯ ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಕಲಸಿದ್ದಕ್ಕೆ ಕಬ್ಬಿಣದ ಕತ್ತಿ ಅದ್ದಿ, ಅಲಗು ಕೆಂಪಾದರೆ ಸುಣ್ಣ ಸಾಲದು ಅಂತ ಮಾವ ಈಗಲೂ ನೋಡ್ತಾರೆ. ಆ ಕೆಂಪು ಅಂದರೆ ಕರಗಿದ್ದ ತಾಮ್ರ ಕಬ್ಬಿಣಕ್ಕೆ ಬಂದು ಕೂತದ್ದು.

ಹಾಗಾಗಿ ಮದ್ದು ಹೊಡೆಯೋ ದಿನಗಳಿಗೆ ನಮ್ಮಲ್ಲಿ ಬೇರೆಯೇ ಕಟ್ಟುನಿಟ್ಟು. ಬಾವಿ ತೋಟದ ಅಂಚಿನಲ್ಲಿದೆ, ಬಾಯಿ ತೆರೆದಿದೆ. ಮೊದಲೇ ಪ್ಲಾಸ್ಟಿಕ್ ಡ್ರಮ್ಮಿಗೆ ನೀರು ತುಂಬಿ ಮುಚ್ಚಿಡ್ತೇನೆ. ಆಮೇಲೆ ಒಂದೆರಡು ದೊಡ್ಡ ಮಳೆ ಆಗೋವರೆಗೆ ತೊಟ್ಟಿಗೆ ಬಾವಿ ನೀರಿಲ್ಲ. ಮದ್ದು ಕಲಸಿದ ಕೈ ಎಷ್ಟೇ ತೊಳೆದಿದ್ದರೂ ತೊಟ್ಟಿಯೊಳಗೆ ಹೋಗೋ ಹಾಗಿಲ್ಲ. ತೋಟದ ಒಳಗಿನ ಸೊಪ್ಪು ಊಟಕ್ಕೆ ಬರೋದಿಲ್ಲ, ಅಂಗಳದ ಪೇರಲದ ಒಣ ಎಲೆಯೇ ಸೈ. ಬಚ್ಚಲ ತಾಮ್ರದ ಹಂಡೆಯ ನೀರಂತೂ ಯಾವ ಕಾಲಕ್ಕೂ ಬೇಡ, ಹುಳಿ ನೀರು ಹಂಡೆಯಿಂದ ತಾಮ್ರ ಬಿಡಿಸಿಕೊಳ್ತದೆ. ಹಿತ್ತಾಳೆ ಕೊಡದ್ದೂ ಅದೇ ಕಥೆ.

ಸುಣ್ಣ ಸಾಕಾಗಿದೆಯೋ ಇಲ್ಲವೋ ಅನ್ನೋದು ಮೀಟರಿಗಿಂತ ಚೆನ್ನಾಗಿ ಗೊತ್ತಾಗೋದು ಪೊರೆಯಲ್ಲಿ. ಪೊರೆ ಬಿಡೋ ಸೀಗಡಿ ಮೊದಲು ಮೂಲೆ ಹಿಡಿದು ಸುಮ್ಮನಾಗ್ತದೆ. ಬೆನ್ನಿನ ಮೇಲೆ, ತಲೆಯ ಚಿಪ್ಪು ಮುಗಿದು ಹೊಟ್ಟೆ ಶುರುವಾಗೋ ಕಡೆ ಒಂದು ಬಿರುಕು. ಒಂದೇ ಝಾಡಿಗೆ ಹಿಂದಕ್ಕೆ ಜಿಗಿದು ಹೊರಗೆ ಬರ್ತದೆ. ಹಿಂದೆ ಉಳಿಯೋದು ಮೀಸೆ, ಕಾಲು, ಕಣ್ಣಿನ ಗುಡ್ಡೆಯ ಹೊದಿಕೆ ಸಮೇತ ಇಡೀ ಸೀಗಡಿಯ ಅಚ್ಚು. ಹೊಸಬರು ಸತ್ತೇ ಹೋಯ್ತು ಅಂತ ಎತ್ತಿ ಎಸೀತಾರೆ. ಸತ್ತದ್ದು ಮಂಕು ಗುಲಾಬಿ ಬಣ್ಣಕ್ಕೆ ತಿರುಗ್ತದೆ, ಪೊರೆಯಾದರೆ ಆಚೆ ಕಾಣುವಷ್ಟು ತಿಳಿ. ಅಲ್ಲೇ ಬಿಡಿ, ಅವೇ ತಿಂದು ಸುಣ್ಣ ವಾಪಸ್ ಪಡೆಯುತ್ತವೆ. ಆ ಬಿರುಕು ಬೆನ್ನಿಗಷ್ಟೇ ನಿಲ್ಲದೆ ಸುತ್ತ ಬಿಳಿ ಉಂಗುರವಾಗಿ ಕಂಡರೆ ಮಾತ್ರ ಕಷ್ಟ, ಹೊರಬರಲಾಗದೆ ಸಾಯ್ತವೆ. ನೀರಿನ ಗಡಸುತನ ಏರುಪೇರಾಗಿದೆ ಅಂತ ಲೆಕ್ಕ. ಒಮ್ಮೆಲೇ ಅರ್ಧ ತೊಟ್ಟಿ ನೀರು ಬದಲಿಸೋದೂ ಇದಕ್ಕೆ ಕಾರಣ ಆಗ್ತದೆ. ವಾರಕ್ಕೆ ಹತ್ತರಲ್ಲಿ ಒಂದು ಪಾಲು ಬದಲಿಸಿದರೆ ಧಾರಾಳ.

ಹೆಣ್ಣು ಪೊರೆ ಬಿಟ್ಟ ದಿನ ಗಂಡುಗಳೆಲ್ಲ ಹುಚ್ಚು ಹಿಡಿದ ಹಾಗೆ ತೊಟ್ಟಿ ಸುತ್ತುತ್ತವೆ. ಆಮೇಲೆ ಅದರ ಹೊಟ್ಟೆಯಡಿ 20-30 ಮೊಟ್ಟೆ, ಈಜುಗಾಲಿನಿಂದ ಬೀಸಿ ಬೀಸಿ ಗಾಳಿ ಕೊಡ್ತಾ ಮೂರ್ನಾಲ್ಕು ವಾರ ಹೊತ್ತು ತಿರುಗ್ತದೆ. ಕುಮಟಾದ ಗಜನಿಗೆ, ಅಂದರೆ ಅಳಿವೆಯಂಚಿನ ಉಪ್ಪುನೀರಿನ ಗದ್ದೆಗೆ, ಭರತದ ನೀರಿನ ಜೊತೆ ಬರೋ ಶೆಟ್ಲಿ ಸೀಗಡಿಯದು ಬೇರೆ ಜೀವನ, ಅದರ ಮರಿ ಹುಟ್ಟೋದು ಉಪ್ಪು ನೀರಲ್ಲಿ, ಹಲವು ರೂಪ ಬದಲಿಸಿ ಶೆಟ್ಲಿ ಆಗ್ತದೆ. ಚೆರ್ರಿ ಹಾಗಲ್ಲ. ಸಿಹಿನೀರಲ್ಲೇ, ಹುಟ್ಟುವಾಗಲೇ ಪೂರ್ತಿ ಸೀಗಡಿ, ಎರಡು ಮಿಲಿಮೀಟರಿನದು.

ಮಳೆಗಾಲದ ಕರೆಂಟಿನ ಬಗ್ಗೆ ಕೇಳ್ತೀರಿ. ಗಾಳಿಮಳೆಗೆ ಕಂಬ ಬಿದ್ದರೆ ದಿನಗಟ್ಟಲೆ ಇರೋದಿಲ್ಲ. ಬ್ಯಾಟರಿಯ ಗಾಳಿ ಪಂಪು ಒಂದಿದ್ದರೆ ಒಳ್ಳೆಯದು. ಆಗ ಊಟ ಹಾಕೋದು ನಿಲ್ಲಿಸಿ, ಪಾಚಿಯ ಮೇಲೆ ಅವು ಬದುಕಿಕೊಳ್ತವೆ. ಚಳಿಗೆ ಇಲ್ಲಿ ಹೀಟರ್ ಬೇಡ, ಕಾರವಾರದ ಕಡೆಯವರು ಏಪ್ರಿಲ್-ಮೇನಲ್ಲಿ ತೊಟ್ಟಿಯ ಮೇಲೆ ಸಣ್ಣ ಫ್ಯಾನು ತಿರುಗಿಸಬೇಕಾದೀತು, 30 ಡಿಗ್ರಿ ದಾಟಿದರೆ ಸೀಗಡಿಗೆ ಆಗಿಬರೋದಿಲ್ಲ.

ಸಂಖ್ಯೆ ಏರ್ತಾನೇ ಹೋಗ್ತದೆ. ಬೇಕಾದವರಿಗೆ ಕೊಡ್ತೇನೆ. ಪಕ್ಕದ ಮನೆ ಹುಡುಗಿಗೆ ನೀಲಿ ಸೀಗಡಿಯನ್ನೂ ಇದರ ಜೊತೆ ಬಿಡೋ ಆಸೆ. ಅವೂ ಇದೇ ಜಾತಿ, ಕೂಡಿದರೆ ಕೆಲವು ಪೀಳಿಗೆಯಲ್ಲಿ ಎಲ್ಲ ಮಣ್ಣಿನ ಬಣ್ಣಕ್ಕೆ ತಿರುಗ್ತವೆ ಅಂತ ಹೇಳಿ ಬೇರೆ ತೊಟ್ಟಿ ಇಡಿಸಿದ್ದೇನೆ. ಹೆಚ್ಚಾಯ್ತು ಅಂತ ಹಳ್ಳಕ್ಕೆ ಬಿಡೋದು ಮಾತ್ರ ಬೇಡವೇ ಬೇಡ, ನಮ್ಮ ಹಳ್ಳಗಳಲ್ಲಿ ನಮ್ಮವೇ ಸಣ್ಣ ಸೀಗಡಿಗಳಿದ್ದಾವೆ. ಒಯ್ಯೋಕೆ ಬರೋರು ಪ್ಲಾಸ್ಟಿಕ್ ಡಬ್ಬಿ ತನ್ನಿ, ಚಿಪ್ಪಿ ಚೂರು ಒಂದು ಹಿಡಿ ನಾನೇ ಕೊಡ್ತೇನೆ.